ಕೋವಿ ಸಂವಿಧಾನದ ಹಕ್ಕೇ?

ಪ್ರಶ್ನೆ: ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಸಂವಿಧಾನವೇ ಕೊಟ್ಟ ಹಕ್ಕು ಎಂದು ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನವೂ ಜಗಳ. ಯಾರು ಸರಿ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಅದು ಹಕ್ಕಲ್ಲ, ವಿನಾಯಿತಿ. ಆಯುಧ ಹೊಂದುವುದನ್ನು ಹಕ್ಕಾಗಿಸಿದ 1791ರ ಎರಡನೇ ತಿದ್ದುಪಡಿ ಅಮೆರಿಕದ ಸಂವಿಧಾನದ್ದು. ನಮ್ಮ ಸಂವಿಧಾನದ 19(1)(ಬಿ) ವಿಧಿ ಹೇಳುವುದು ಆಯುಧವಿಲ್ಲದೆ, ಶಾಂತಿಯಿಂದ ಸಭೆ ಸೇರುವ ಹಕ್ಕನ್ನು ಮಾತ್ರ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಸಿಕ್ಕಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನಡಿ ಕೇಂದ್ರ ಹೊರಡಿಸುವ ಅಧಿಸೂಚನೆಯಿಂದ. 2019ರ ಅಧಿಸೂಚನೆಯ ಅವಧಿ 2029ರವರೆಗೆ. ಹೈಕೋರ್ಟ್ 2021ರಲ್ಲಿ ಇದನ್ನು ಎತ್ತಿಹಿಡಿದಿದೆ. ಇದು ಗೌರವದಿಂದ ಕಾಪಾಡಿಕೊಳ್ಳಬೇಕಾದ ಪರಂಪರೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಸರ್ಕಾರ ಕೊಟ್ಟದ್ದನ್ನು ಸರ್ಕಾರ ಹಿಂಪಡೆಯಲೂಬಹುದು, ಅದಕ್ಕೇ ಎಚ್ಚರ ಬೇಕು.

ಎಡವುವುದು ಎರಡು ಕಡೆ. ವಿನಾಯಿತಿ ಇದ್ದ ಮಾತ್ರಕ್ಕೆ ಬೇಟೆಗೆ ಅನುಮತಿಯಿಲ್ಲ; ತೋಟಕ್ಕೆ ಬಂದ ಹಂದಿಗೂ 1972ರ ವನ್ಯಜೀವಿ ಕಾಯ್ದೆ ಅನ್ವಯ. ಮದುವೆ, ಹಬ್ಬದಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕವಾಗಿ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೋಳ್ದಿಗೆ ಕೋವಿಯನ್ನು ಪೂಜೆಗಿಡುವ ಮೊದಲು ನಳಿಗೆ ತೆರೆದು, ತೋಟಾ ಇಲ್ಲವೆಂದು ಕಣ್ಣಾರೆ ನೋಡಿ.