ಪೆರ್ಗಮನ್ ರಾಜ ಬರೆದಿಟ್ಟ ಉಯಿಲು

ಓದುಗರ ಪತ್ರ: ಕಳೆದ ಸಂಚಿಕೆಯ ರೋಮ್ ಲೇಖನದಲ್ಲಿ, ಪೆರ್ಗಮನ್ ಎಂಬ ಗ್ರೀಕ್ ರಾಜ್ಯದ ದೊರೆ ಕ್ರಿ.ಪೂ. 133ರಲ್ಲಿ ತನ್ನ ರಾಜ್ಯವನ್ನು ರೋಮಿಗೆ ಉಯಿಲು ಬರೆದುಕೊಟ್ಟ ಅಂತ ಒಂದೇ ಸಾಲು ಇತ್ತು. ಮನೆ, ತೋಟ ಬರೆದುಕೊಟ್ಟ ಹಾಗೆ ಯಾರಾದರೂ ರಾಜ್ಯ ಬರೆದುಕೊಡುತ್ತಾರಾ? ಅವನಿಗೆ ತಲೆ ನೆಟ್ಟಗಿತ್ತಾ? ಆ ಊರಿನ ಗ್ರಂಥಾಲಯವನ್ನು ಕ್ಲಿಯೋಪಾತ್ರಳಿಗೆ ಉಡುಗೊರೆ ಕೊಟ್ಟರು ಅಂತಾರಲ್ಲ, ನಿಜವಾ? ನನ್ನ ಮಗಳು ಬರ್ಲಿನ್ನಿನಲ್ಲಿದ್ದಾಳೆ. ಅಲ್ಲಿನ ಪೆರ್ಗಮನ್ ಮ್ಯೂಸಿಯಂಗೆ ಹೋದರೆ ಬಾಗಿಲು ಹಾಕಿತ್ತಂತೆ. — ನಿವೃತ್ತ ಶಿಕ್ಷಕರು, ತಿಪಟೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ಹಳೆಯ ಬರಹಗಾರರನ್ನು ಕೇಳಿದರೆ ಆ ರಾಜನ ತಲೆ ನೆಟ್ಟಗಿರಲಿಲ್ಲ ಅಂತಲೇ ಹೇಳುತ್ತಾರೆ. ಹೆಸರು ಮೂರನೇ ಅಟ್ಟಾಲಸ್. ಅರಮನೆಯ ತೋಟದಲ್ಲಿ ವಿಷದ ಗಿಡಗಳನ್ನು ಬೆಳೆಸುತ್ತಿದ್ದ, ರಾಜ್ಯಭಾರ ಬಿಟ್ಟು ಕಂಚು ಎರಕ ಹೊಯ್ಯುತ್ತಾ ಕೂತಿದ್ದ, ಕೊನೆಗೆ ತಾಯಿಗೆ ಗೋರಿ ಕಟ್ಟಲು ಹೋಗಿ ಬಿಸಿಲು ಬಡಿದು ಸತ್ತ. ಇದು ಅವರ ಚಿತ್ರ. ನನಗೆ ಇದರಲ್ಲಿ ಅರ್ಧಕ್ಕೆ ಅರ್ಧ ನಂಬಿಕೆ ಇಲ್ಲ. ಇದೇ ಮನುಷ್ಯ ಬೇಸಾಯದ ಬಗ್ಗೆ ಪುಸ್ತಕ ಬರೆದಿದ್ದ. ವಾರ್ರೋನಂಥ ರೋಮನ್ ಪಂಡಿತರು ಅವನ ಹೆಸರನ್ನು ಗೌರವದಿಂದ ಹೇಳುತ್ತಾರೆ. ಉಯಿಲು ಹುಚ್ಚಿನ ಕೆಲಸವಲ್ಲ, ಲೆಕ್ಕ ಹಾಕಿ ಮಾಡಿದ್ದು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳಬೇಕಾದರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಈಗಿನ ಟರ್ಕಿಯ ಪಶ್ಚಿಮಕ್ಕೆ, ಇಜ್ಮೀರ್‌ನ ಉತ್ತರಕ್ಕೆ ಬೆರ್ಗಾಮಾ ಅಂತ ಒಂದು ಊರಿದೆ. ಅದರ ನೆತ್ತಿಯ ಮೇಲಿನ ಕಡಿದಾದ ಗುಡ್ಡವೇ ಹಳೆಯ ಪೆರ್ಗಮನ್. ಅಲೆಕ್ಸಾಂಡರ್ ಸತ್ತ ಮೇಲೆ ಅವನ ದಂಡನಾಯಕರು ರಾಜ್ಯವನ್ನು ಹರಿದು ಹಂಚಿಕೊಂಡರಲ್ಲ, ಅವರಲ್ಲಿ ಒಬ್ಬನಾದ ಲೈಸಿಮಾಕಸ್ ಈ ಗುಡ್ಡದ ಕೋಟೆಯಲ್ಲಿ 9,000 ಟ್ಯಾಲೆಂಟ್ ದುಡ್ಡು ಇಟ್ಟಿದ್ದ. ಬೆಳ್ಳಿಯ ಲೆಕ್ಕದಲ್ಲಿ ಇನ್ನೂರು ಟನ್ನಿಗೂ ಜಾಸ್ತಿ! ಅದರ ಕಾವಲಿಗೆ ಇದ್ದವನು ಫಿಲೆಟೈರಸ್. ಅವನು ನಪುಂಸಕ. ಕೂಸಾಗಿದ್ದಾಗ ದಾದಿ ಅವನನ್ನು ಎತ್ತಿಕೊಂಡು ಒಂದು ಶವಸಂಸ್ಕಾರದ ಜನಜಂಗುಳಿಗೆ ಹೋಗಿದ್ದಳು, ಅಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಹಾಗಾಯಿತು ಅಂತ ಸ್ಟ್ರಾಬೋ ಬರೆಯುತ್ತಾನೆ. ಕ್ರಿ.ಪೂ. 282ರಲ್ಲಿ ಧಣಿಯ ಕೈ ಸೋಲುವುದು ಕಂಡ ಫಿಲೆಟೈರಸ್ ಎದುರಾಳಿ ಸೆಲ್ಯೂಕಸ್‌ನ ಕಡೆ ಸೇರಿಕೊಂಡ. ದುಡ್ಡು ಗುಡ್ಡದ ಮೇಲೇ ಉಳಿಯಿತು. ಮರುವರ್ಷ ಸೆಲ್ಯೂಕಸ್ ಕೊಲೆಯಾದ. ಕೊಂದವನಿಗೆ ಕೈತುಂಬ ದುಡ್ಡು ಕೊಟ್ಟು ಹೆಣ ಬಿಡಿಸಿಕೊಂಡು, ದಹನ ಮಾಡಿ, ಬೂದಿಯನ್ನು ಸೆಲ್ಯೂಕಸ್‌ನ ಮಗನಿಗೆ ಕಳಿಸಿಕೊಟ್ಟವನೂ ಈ ಫಿಲೆಟೈರಸ್ಸೇ. ಎಂಥ ಚಾಣಾಕ್ಷ ನೋಡಿ. ಅವನು ಕೊನೆಯವರೆಗೂ ರಾಜ ಅಂತ ಕರೆಸಿಕೊಳ್ಳಲಿಲ್ಲ. ಆದರೆ ಮುಂದೆ ಬಂದ ರಾಜರು ನಾಣ್ಯದ ಮೇಲೆ ಹಾಕಿಸಿದ್ದು ಅವನ ಮುಖವನ್ನೇ. ದಪ್ಪ ಕೆನ್ನೆ, ದಪ್ಪ ಕುತ್ತಿಗೆ, ಬಿಗಿದ ತುಟಿ. ಚಂದ ಮಾಡಿ ತೋರಿಸುವ ಗೋಜಿಗೇ ಹೋಗಿಲ್ಲ.

ಅವನಿಗೆ ಮಕ್ಕಳಿಲ್ಲ, ಹಾಗಾಗಿ ಪಟ್ಟ ತಮ್ಮಂದಿರ ಮಕ್ಕಳ ಕಡೆಗೆ ಹೋಯಿತು. ಮೊದಲನೇ ಅಟ್ಟಾಲಸ್, ಸುತ್ತಲಿನ ಊರುಗಳಿಂದ ಕಪ್ಪ ಸುಲಿಯುತ್ತಿದ್ದ ಗಲಾತಿಯನ್ನರೆಂಬ ಸೆಲ್ಟಿಕ್ ಜನರನ್ನು ಸೋಲಿಸಿ ರಾಜ ಎಂಬ ಬಿರುದು ತೆಗೆದುಕೊಂಡ. ಆ ಗೆಲುವಿಗೆ ನಿಲ್ಲಿಸಿದ ಶಿಲ್ಪಗಳ ರೋಮನ್ ನಕಲುಗಳು ರೋಮ್‌ನಲ್ಲಿ ಇವೆ. ಅವನ ಹೆಂಡತಿ ಅಪೊಲೊನಿಸ್ ರಾಜಮನೆತನದವಳಲ್ಲ, ಸಾಮಾನ್ಯರ ಮನೆಯ ಹೆಣ್ಣು. ಅವಳ ನಾಲ್ಕು ಗಂಡುಮಕ್ಕಳೂ ಒಬ್ಬರನ್ನೊಬ್ಬರು ಬಿಟ್ಟುಕೊಡದೆ ಬದುಕಿದರು. ಆ ಕಾಲದ ಗ್ರೀಕ್ ಅರಮನೆಗಳಲ್ಲಿ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ವಿಷ ಹಾಕುವುದೇ ವಾಡಿಕೆ, ಆದ್ದರಿಂದ ಇದು ದೊಡ್ಡ ಸುದ್ದಿಯೇ. ಕ್ರಿ.ಪೂ. 172ರಲ್ಲಿ ಡೆಲ್ಫಿಯ ಹತ್ತಿರ ಹಿರಿಯವನಾದ ಎರಡನೇ ಯೂಮೆನಿಸ್ ಮೇಲೆ ಬಂಡೆ ಉರುಳಿಸಿದರು. ಸತ್ತ ಅಂತ ಸುದ್ದಿ ಬಂತು. ತಮ್ಮ ಎರಡನೇ ಅಟ್ಟಾಲಸ್ ಕಿರೀಟ ಇಟ್ಟುಕೊಂಡು, ಅತ್ತಿಗೆಯನ್ನೂ ಮದುವೆಯಾದ. ಸ್ವಲ್ಪ ದಿನಕ್ಕೆ ಅಣ್ಣ ನಡೆದುಕೊಂಡೇ ಬಂದ! ತಮ್ಮ ಕಿರೀಟ ತೆಗೆದಿಟ್ಟು ಎದುರುಗೊಂಡ. ನಾನು ಸತ್ತದ್ದು ನೋಡುವ ತನಕ ಮದುವೆಗೆ ಅವಸರ ಮಾಡಬೇಡ ಅಂತ ಅಣ್ಣ ಕಿವಿಯಲ್ಲಿ ಹೇಳಿದನಂತೆ, ಅಷ್ಟೆ. ಅಣ್ಣ ನಿಜಕ್ಕೂ ಸತ್ತ ಮೇಲೆ ತಮ್ಮ ಅವಳನ್ನೇ ಮದುವೆಯಾಗಿ, ಇಪ್ಪತ್ತು ವರ್ಷ ಆಳಿ, ಪಟ್ಟವನ್ನು ಅಣ್ಣನ ಮಗನಿಗೇ ಬಿಟ್ಟ. ಆ ಮಗನೇ ನೀವು ಕೇಳಿದ ಮೂರನೇ ಅಟ್ಟಾಲಸ್.

ಈಗ ಉಯಿಲಿಗೆ ಬರೋಣ. ಪೆರ್ಗಮನ್ ದೊಡ್ಡ ರಾಜ್ಯವಾದದ್ದೇ ರೋಮ್‌ನಿಂದ. ಸಿರಿಯಾದ ಆಂಟಿಯೋಕಸ್‌ನನ್ನು ಸೋಲಿಸಿದ ರೋಮ್, ಕ್ರಿ.ಪೂ. 188ರಲ್ಲಿ ಅವನಿಂದ ಕಿತ್ತುಕೊಂಡ ನೆಲದ ಬಹುಪಾಲನ್ನು ಯೂಮೆನಿಸ್‌ಗೆ ಕೊಟ್ಟಿತು. ಆದರೆ ಕೊಟ್ಟ ಕೈಯೇ ಮೂತಿಗೂ ತಿವಿಯಿತು. ಇಪ್ಪತ್ತು ವರ್ಷದ ನಂತರ ಅನುಮಾನ ಬಂದು, ಯಾವ ರಾಜನೂ ರೋಮ್‌ಗೆ ಬರಕೂಡದು ಅಂತ ಒಂದು ನಿಯಮ ಮಾಡಿದರು. ಎಲ್ಲ ರಾಜರಿಗೂ ಅಂತ ಹೆಸರಿಗೆ, ಗುರಿ ಮಾತ್ರ ಯೂಮೆನಿಸ್. ಪಾಪ, ಆಗಲೇ ಬ್ರಂಡಿಸಿಯಂನಲ್ಲಿ ಹಡಗು ಇಳಿದಿದ್ದ. ಒಬ್ಬ ಅಧಿಕಾರಿ ಬಂದು ನಿಯಮ ಓದಿ ಹೇಳಿ, ಬೇಗ ಇಟಲಿ ಬಿಟ್ಟು ಹೊರಡಿ ಅಂದ. ಚಳಿಗಾಲದಲ್ಲಿ ವಾಪಸ್. ಅವತ್ತಿನಿಂದ ಪೆರ್ಗಮನ್‌ಗೆ ರೋಮ್‌ನ ಮಾತು ಮೀರುವ ಧೈರ್ಯ ಇರಲಿಲ್ಲ.

ಅಟ್ಟಾಲಸ್‌ಗೆ ಮಕ್ಕಳಿಲ್ಲ. ಯೂಮೆನಿಸ್‌ನ ಉಪಪತ್ನಿಯ ಮಗ ಅಂತ ಹೇಳಿಕೊಳ್ಳುವ ಅರಿಸ್ಟೋನಿಕಸ್ ಪಟ್ಟಕ್ಕೆ ಕಾದಿದ್ದ. ಹೀಗಿರುವಾಗ ಮುಂದಿನ ವಾರಸುದಾರ ರೋಮ್ ಅಂತ ಬರೆದಿಟ್ಟರೆ, ರಾಜನನ್ನು ಕೊಂದು ಯಾರಿಗೇನು ಲಾಭ? ಇದು ಅವನೇ ಕಂಡುಹಿಡಿದ ಉಪಾಯವೂ ಅಲ್ಲ. ಕ್ರಿ.ಪೂ. 155ರಲ್ಲೇ ಈಜಿಪ್ಟ್ ರಾಜಮನೆತನದ ಎಂಟನೇ ಟಾಲೆಮಿ, ನನಗೆ ಮಕ್ಕಳಾಗದಿದ್ದರೆ ಉತ್ತರ ಆಫ್ರಿಕಾದ ನನ್ನ ಸೈರೀನ್ ರಾಜ್ಯ ರೋಮ್‌ಗೆ ಸೇರಲಿ ಅಂತ ಕಲ್ಲಿನಲ್ಲಿ ಕೆತ್ತಿಸಿದ್ದ. ಅವನ ಮೇಲೆ ಕೊಲೆಯತ್ನ ನಡೆದಿತ್ತು. ಅಟ್ಟಾಲಸ್ ಇನ್ನೂ ಒಂದು ಜಾಣತನ ಮಾಡಿದ: ರಾಜ್ಯ ರೋಮ್‌ಗೆ, ಪೆರ್ಗಮನ್ ನಗರ ಮಾತ್ರ ಸ್ವತಂತ್ರ. ಇದನ್ನು ಹೇಳುವ ಶಾಸನ ಸಿಕ್ಕಿದೆ. ಉಯಿಲಿಗೆ ರೋಮ್ ಒಪ್ಪಿಗೆ ಕೊಡುವ ಮೊದಲೇ ನಗರಸಭೆ ಅವಸರದಲ್ಲಿ, ಊರಿನಲ್ಲಿ ನೆಲೆಸಿದ ಹೊರಗಿನವರಿಗೆ, ಸೈನಿಕರಿಗೆ ಪೌರತ್ವ ಕೊಡುತ್ತದೆ. ಅರಮನೆಯ ಗುಲಾಮರ ಸ್ಥಾನವನ್ನೂ ಒಂದು ಮೆಟ್ಟಿಲು ಮೇಲಕ್ಕೆ ಏರಿಸುತ್ತದೆ. ಇವರೆಲ್ಲ ಅರಿಸ್ಟೋನಿಕಸ್ ಕಡೆ ಹೋಗಿಬಿಟ್ಟರೆ ಅನ್ನುವ ಭಯ ಆ ಕಲ್ಲಿನಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಭಯ ಸುಳ್ಳಾಗಲಿಲ್ಲ. ಅರಿಸ್ಟೋನಿಕಸ್ ಬಡವರನ್ನೂ ಗುಲಾಮರನ್ನೂ ಸೇರಿಸಿಕೊಂಡು, ಅವರಿಗೆ ಸೂರ್ಯನಗರದ ಪ್ರಜೆಗಳು ಅಂತ ಹೆಸರಿಟ್ಟು ದಂಗೆ ಎದ್ದ. ಒಬ್ಬ ರೋಮನ್ ಕಾನ್ಸುಲ್ ಸತ್ತ. ಕೊನೆಗೆ ಅರಿಸ್ಟೋನಿಕಸ್ ಸೆರೆಸಿಕ್ಕು, ರೋಮ್‌ನ ಜೈಲಿನಲ್ಲಿ ಕತ್ತು ಹಿಸುಕಿಸಿಕೊಂಡು ಸತ್ತ. ಅಟ್ಟಾಲಸ್‌ನ ಖಜಾನೆಯ ದುಡ್ಡನ್ನು ಬಡ ರೈತರಿಗೆ ಹಂಚೋಣ ಅಂದ ರೋಮನ್ ಜನನಾಯಕ ಟೈಬೀರಿಯಸ್ ಗ್ರಾಕಸ್‌ನನ್ನೂ ಅದೇ 133ರಲ್ಲಿ ರೋಮ್‌ನಲ್ಲಿ ಹೊಡೆದು ಕೊಂದರು. ಹತ್ತು ವರ್ಷದ ಮೇಲೆ ಅವನ ತಮ್ಮ ಗೇಯಸ್, ಈ ಪ್ರಾಂತ್ಯದ ಕಂದಾಯ ವಸೂಲಿಯನ್ನು ರೋಮ್‌ನಲ್ಲೇ ಹರಾಜು ಹಾಕುವ ಕಾನೂನು ತಂದ. ಗುತ್ತಿಗೆದಾರರು ಜನರನ್ನು ಹಿಂಡಿ ಹಿಪ್ಪೆ ಮಾಡಿದರು.

ನೀವು ಕೇಳದಿದ್ದರೂ ಊರಿನ ನೀರಿನ ಬಗ್ಗೆ ಹೇಳಿಬಿಡುತ್ತೇನೆ, ನನಗೆ ಗ್ರಂಥಾಲಯಕ್ಕಿಂತ ಅದೇ ಇಷ್ಟ. ನಲವತ್ತು ಕಿಲೋಮೀಟರಿಗೂ ದೂರದ ಬೆಟ್ಟದಿಂದ ಸುಟ್ಟ ಮಣ್ಣಿನ ಮೂರು ಸಾಲು ಕೊಳವೆಯಲ್ಲಿ ನೀರು ತಂದರು. ಕೊನೆಯ ಮೂರು ಕಿಲೋಮೀಟರಿನಲ್ಲಿ ಕಣಿವೆಗೆ ಇಳಿದು ಗುಡ್ಡ ಹತ್ತಬೇಕು. ಅಲ್ಲಿ ಸೀಸದ ಕೊಳವೆ ಹಾಕಿ, ನೀರಿನ ಒತ್ತಡದಿಂದಲೇ ಮೇಲಕ್ಕೆ ಏರಿಸಿದರು. ಪಂಪ್ ಇಲ್ಲ, ಏನಿಲ್ಲ. ಕೊಳವೆ ಹಾದುಹೋಗುತ್ತಿದ್ದ ತೂತಿನ ಕಲ್ಲುಗಳು ಇನ್ನೂ ಸಿಗುತ್ತವೆ. ನಗರದ ಕಾನೂನು ಕೆತ್ತಿದ ಕಲ್ಲೂ ಒಂದಿದೆ: ಸಾರ್ವಜನಿಕ ನೀರಿನ ತೊಟ್ಟಿಯಲ್ಲಿ ದನಕ್ಕೆ ನೀರು ಕುಡಿಸಬಾರದು, ಬಟ್ಟೆ ಒಗೆಯಬಾರದು, ಪಾತ್ರೆ ತೊಳೆಯಬಾರದು. ಸ್ವತಂತ್ರ ಪ್ರಜೆ ತಪ್ಪು ಮಾಡಿದರೆ 50 ದ್ರಾಕ್ಮಾ ದಂಡ, ಮೇಲೆ ದನ, ಬಟ್ಟೆ, ಪಾತ್ರೆ ಜಪ್ತಿ. ಗುಲಾಮನಾದರೆ ಚಾಟಿ ಏಟು.

ಗ್ರಂಥಾಲಯದ್ದು ಚುಟುಕಾಗಿ. ಎರಡು ಲಕ್ಷ ಗ್ರಂಥಗಳನ್ನು ರೋಮನ್ ನಾಯಕ ಆಂಟನಿ ಕ್ಲಿಯೋಪಾತ್ರಳಿಗೆ ಕೊಟ್ಟ ಅನ್ನುವುದು ಅವನ ವಿರೋಧಿ ಪಕ್ಷದ ಕಾಲ್ವಿಸಿಯಸ್ ಮಾಡಿದ ಆರೋಪ. ಅದನ್ನು ಬರೆದಿಟ್ಟ ಪ್ಲುಟಾರ್ಕನೇ, ಈ ಆರೋಪಗಳಲ್ಲಿ ಹೆಚ್ಚಿನವು ಸುಳ್ಳು ಅಂತ ಜನ ತಿಳಿದಿದ್ದರು ಅನ್ನುತ್ತಾನೆ. ಈಜಿಪ್ಟ್ ಪಪೈರಸ್ ಕೊಡದಿದ್ದಕ್ಕೆ ಪೆರ್ಗಮನ್‌ನವರು ಚರ್ಮದ ಹಾಳೆ ಕಂಡುಹಿಡಿದರು ಅನ್ನುವುದೂ ಅಷ್ಟೇ. ಅದಕ್ಕೆ ಎಷ್ಟೋ ಮೊದಲೇ ಹೆರೊಡೋಟಸ್, ಆಡು ಕುರಿಯ ಚರ್ಮದ ಮೇಲೆ ಬರೆಯುವವರ ಬಗ್ಗೆ ಹೇಳಿದ್ದಾನೆ. ಇಲ್ಲಿನ ಪಂಡಿತ ಕ್ರೇಟಿಸ್‌ನ ಕತೆ ಮಾತ್ರ ಮಜವಾಗಿದೆ. ರೋಮ್‌ಗೆ ರಾಯಭಾರಿಯಾಗಿ ಹೋದವನು ಚರಂಡಿಯ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡ. ವಾಸಿಯಾಗುವ ತನಕ ಸುಮ್ನೆ ಕೂರದೆ ಉಪನ್ಯಾಸ ಕೊಟ್ಟ. ರೋಮನ್ನರಿಗೆ ಸಾಹಿತ್ಯ ವಿಮರ್ಶೆಯ ರುಚಿ ಹತ್ತಿಸಿದವನು ಇವನೇ ಅಂತ ಸ್ಯೂಟೋನಿಯಸ್ ಹೇಳುತ್ತಾನೆ.

ಇನ್ನು ಮಗಳ ವಿಷಯ. ಬರ್ಲಿನ್ನಿನಲ್ಲಿರುವುದು ಗುಡ್ಡದ ಮೇಲಿನ ಮಹಾವೇದಿಕೆಯ, ಅಂದರೆ ದೇವರಿಗೆ ಬಲಿ ಕೊಡುವ ದೊಡ್ಡ ಪೀಠದ, ಶಿಲ್ಪಗಳು. ರಸ್ತೆ ಕೆಲಸಕ್ಕೆ ಬಂದಿದ್ದ ಜರ್ಮನ್ ಎಂಜಿನಿಯರ್ ಕಾರ್ಲ್ ಹ್ಯೂಮನ್, ಜನ ಅಮೃತಶಿಲೆಯನ್ನು ಸುಣ್ಣಕ್ಕೆ ಸುಡುವುದನ್ನು ಕಂಡು ಗಾಬರಿಯಾದ. 1878ರಲ್ಲಿ ಉತ್ಖನನ ಶುರುವಾಯಿತು. ಆಟೊಮನ್ ಸರ್ಕಾರದ ಒಪ್ಪಂದದ ಮೇಲೆ ಶಿಲ್ಪಗಳು ಜರ್ಮನಿಗೆ ಹೋದವು. ಸುಮಾರು 113 ಮೀಟರ್ ಉದ್ದದ ಉಬ್ಬುಶಿಲ್ಪ, ದೇವತೆಗಳಿಗೂ ದೈತ್ಯರಿಗೂ ಯುದ್ಧ. ಮೆಟ್ಟಿಲಿನ ಪಕ್ಕದಲ್ಲಿ ಕೆಲವು ಮೂರ್ತಿಗಳು ಗೋಡೆ ಬಿಟ್ಟು ಹೊರಬಂದು, ಮೆಟ್ಟಿಲ ಮೇಲೇ ಮಂಡಿ ಊರಿವೆ. ಹತ್ತುವವರ ಕಾಲಿಗೆ ತಗುಲುವಷ್ಟು ಹತ್ತಿರ.

ಮ್ಯೂಸಿಯಂ ದುರಸ್ತಿಗಾಗಿ 2023ರ ಅಕ್ಟೋಬರ್‌ನಿಂದ ಪೂರ್ತಿ ಮುಚ್ಚಿದೆ. ವೇದಿಕೆಯ ಹಜಾರವನ್ನು 2027ರಲ್ಲಿ ತೆರೆಯುವ ಯೋಜನೆ ಇದೆ. ಅಲ್ಲಿಯವರೆಗೆ, ಹತ್ತಿರದ ಇನ್ನೊಂದು ಕಟ್ಟಡದಲ್ಲಿ ಹಳೆಯ ನಗರದ ದೊಡ್ಡ ಪನೋರಮಾ ಚಿತ್ರವನ್ನೂ ಕೆಲವು ಮೂಲ ಶಿಲ್ಪಗಳನ್ನೂ ಇಟ್ಟಿದ್ದಾರೆ. ರಜೆ ಸಿಕ್ಕರೆ ಮಗಳು ಬೆರ್ಗಾಮಾಗೇ ಹೋಗಿಬರಲಿ. ಗುಡ್ಡ ಹತ್ತಲು ಕೇಬಲ್ ಕಾರ್ ಇದೆ. ಹತ್ತು ಸಾವಿರ ಜನ ಕೂರುವ ರಂಗಮಂದಿರ ಎಷ್ಟು ಕಡಿದು ಅಂದರೆ ಮೇಲಿನ ಸಾಲಿನಲ್ಲಿ ಕೂತರೆ ತಲೆ ಸುತ್ತುತ್ತದೆ. ಕೆಳಗೆ ಇಳಿದು ನೆಲದಲ್ಲಿ ಚೌಕ ತೂತುಗಳಿವೆಯಾ ನೋಡಲು ಹೇಳಿ. ನಾಟಕವಿದ್ದಾಗ ಅವುಗಳಲ್ಲಿ ಕಂಬ ನೆಟ್ಟು ಮರದ ರಂಗ ಕಟ್ಟುತ್ತಿದ್ದರು. ಮುಗಿದ ಮೇಲೆ ಬಿಚ್ಚಿಡುತ್ತಿದ್ದರು, ಯಾಕೆಂದರೆ ಡಯೊನಿಸಸ್ ಗುಡಿಗೆ ದಾರಿ ಅದೇ.