ಒಪ್ಪೊತ್ತಿನ ಮರೆಯಲ್ಲಿ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟ ಯುವತಿಯ ಲಿಖಿತ ಒಪ್ಪಿಗೆಯನ್ನು ಪಡೆದಿದ್ದೇನೆ. ಹೆಸರು, ಉದ್ಯೋಗ, ಮನೆಯ ವಿವರಗಳನ್ನು ಗುರುತು ಸಿಗದಷ್ಟು ಬದಲಿಸಿದ್ದೇನೆ; ಇಲ್ಲಿ ಆಕೆಯನ್ನು ಮಾಲಿನಿ ಎಂದು ಕರೆಯುತ್ತೇನೆ. ಕರಡನ್ನು ಆಕೆಯೇ ಓದಿ ಎರಡು ವಾಕ್ಯಗಳನ್ನು ಹೊಡೆದುಹಾಕಿದ್ದಾಳೆ. ಆಕೆಯ ತೂಕ ಎಷ್ಟಿತ್ತು, ಎಷ್ಟಾಯಿತು ಎಂಬ ಅಂಕಿಗಳನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಇಂತಹ ಬರಹಗಳನ್ನು ಉಣ್ಣುವುದಕ್ಕೆ ಸಂಬಂಧಿಸಿದ ಇದೇ ತೊಂದರೆಯಲ್ಲಿರುವವರು ಎಲ್ಲರಿಗಿಂತ ಮೊದಲು ಓದುತ್ತಾರೆ, ಮತ್ತು ಅವರ ಕಣ್ಣು ಮೊದಲು ಹುಡುಕುವುದು ಆ ಅಂಕಿಗಳನ್ನೇ.

ಮಾಲಿನಿಯನ್ನು ನನ್ನಲ್ಲಿಗೆ ಕಳುಹಿಸಿದವರು ಒಬ್ಬ ದಂತವೈದ್ಯೆ. ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದು ಆಕೆ ಅವರಲ್ಲಿ ಹೋಗಿದ್ದಳು. ಮೇಲಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ ಹೊಳಪಿನ ಪದರ ಸವೆದುಹೋಗಿತ್ತು. ಹೊಟ್ಟೆಯ ಆಮ್ಲ ಪದೇ ಪದೇ ಬಾಯಿಗೆ ಬಂದಾಗ ಕಾಣುವ ಸವೆತ ಅದು. ವಾಂತಿ ಆಗುತ್ತದೆಯೇ ಎಂದು ಕೇಳಿದ್ದಕ್ಕೆ ಆಕೆ "ಗ್ಯಾಸ್ಟ್ರಿಕ್ ಉಂಟು ಡಾಕ್ಟ್ರೇ" ಎಂದಷ್ಟೇ ಹೇಳಿ ಸುಮ್ಮನಾದಳು. ದಂತವೈದ್ಯೆ ಜೊತೆಗಿದ್ದ ಗೆಳತಿಯನ್ನು ಹೊರಗೆ ಕೂರಿಸಿ, ಅದೇ ಪ್ರಶ್ನೆಯನ್ನು ಒಂದು ಕ್ರಿಯಾಪದ ಬದಲಿಸಿ ಮತ್ತೆ ಕೇಳಿದರು: "ವಾಂತಿ ಆಗುವುದೋ, ಮಾಡಿಕೊಳ್ಳುವುದೋ?" ಮೂರು ವರ್ಷಗಳಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಪ್ರಕರಣದ ಅರ್ಧ ಕೆಲಸ ಆ ಕುರ್ಚಿಯಲ್ಲೇ ಮುಗಿದಿತ್ತು.

ಮಾಲಿನಿಗೆ ಇಪ್ಪತ್ತರ ನಡುವಿನ ವಯಸ್ಸು. ಮಂಗಳೂರಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ, ಬಿಜೈ ಕಡೆ ಪಿಜಿಯಲ್ಲಿ ವಾಸ, ವಾರಾಂತ್ಯಕ್ಕೆ ಬಸ್ಸು ಹಿಡಿದು ಉಡುಪಿಯ ಉತ್ತರಕ್ಕಿರುವ ಮನೆಗೆ ಪ್ರಯಾಣ. ಓದು ಮುಗಿದ ವರ್ಷ ನೋಡಲು ಬಂದವರ ಪೈಕಿ ಹುಡುಗನ ಅತ್ತೆಯೊಬ್ಬರು ಕಾಫಿ ಲೋಟ ಕೆಳಗಿಡುತ್ತಾ, "ಹುಡುಗಿ ಒಳ್ಳೆಯವಳು, ಸ್ವಲ್ಪ ತೋರ ಅಷ್ಟೆ" ಎಂದಿದ್ದರು. ಸಂಬಂಧ ಕೂಡಿಬರಲಿಲ್ಲ. ಕಾರಣ ಜಾತಕವಿರಬಹುದು, ಬೇರೆ ಏನೂ ಇರಬಹುದು. ಆದರೆ ಕಿವಿಯಲ್ಲಿ ಉಳಿದದ್ದು ಆ "ಅಷ್ಟೆ". ನಮ್ಮ ಕರಾವಳಿಯಲ್ಲಿ ಸಪೂರ, ತೋರ ಎಂಬ ಎರಡು ಪದಗಳಿಲ್ಲದೆ ಕುಶಲ ವಿಚಾರಿಸುವ ಕ್ರಮವೇ ಇಲ್ಲವೇನೋ ಎಂದು ನನಗೆ ಕೆಲವೊಮ್ಮೆ ಅನ್ನಿಸುತ್ತದೆ. ಮದುವೆ ಹಾಲಿನ ಬಾಗಿಲಲ್ಲಿ ನಿಂತರೆ ಸಾಕು, ಬಂದ ಹತ್ತರಲ್ಲಿ ಆರು ಮಂದಿ ಹೆಂಗಸರಿಗೆ ಈ ಎರಡರಲ್ಲೊಂದು ಸಿಗುತ್ತದೆ, ಅದೂ ಪ್ರೀತಿಯಿಂದಲೇ.

ಅಲ್ಲಿಂದ ಆಕೆ ಉಣ್ಣುವುದನ್ನು ಕಡಿಮೆ ಮಾಡಿದಳು. ಡಯಟ್ ಎಂದರೆ ಮನೆಯಲ್ಲಿ ಪ್ರಶ್ನೆ ಬರುತ್ತಿತ್ತು, ವ್ರತ ಎಂದರೆ ಬರುತ್ತಿರಲಿಲ್ಲ. ಮೊದಲು ಶನಿವಾರದ ಒಪ್ಪೊತ್ತು, ಆಮೇಲೆ ಸಂಕಷ್ಟಿ, ಏಕಾದಶಿ, ಸೋಮವಾರ. ಒಂದು ತಿಂಗಳ ಲೆಕ್ಕ ಹಾಕಿ ನೋಡಿದಾಗ ಹೊಟ್ಟೆ ತುಂಬ ಉಂಡ ದಿನಗಳಿಗಿಂತ ಹಸಿದ ದಿನಗಳೇ ಹೆಚ್ಚಿದ್ದವು. ಮನೆಯಲ್ಲಿ ಇದಕ್ಕೆ ಸಿಕ್ಕಿದ್ದು ಮೆಚ್ಚುಗೆ. "ಈ ಕಾಲದಲ್ಲಿ ಯಾರು ಮಾಡ್ತಾರೆ ಮೇಡಂ, ಅವಳಿಗೆ ಭಕ್ತಿ ಜಾಸ್ತಿ" ಎಂದು ತಾಯಿ ನನ್ನಲ್ಲಿಯೂ ಹೆಮ್ಮೆಯಿಂದಲೇ ಹೇಳಿದ್ದರು. ಹಸಿವು ಮಿತಿ ಮೀರಿದ ರಾತ್ರಿಗಳಲ್ಲಿ ಮಾಲಿನಿ ಪಿಜಿಯ ಕೋಣೆಯಲ್ಲಿ, ಹಂಪನಕಟ್ಟೆಯ ಬೇಕರಿಯಿಂದ ತಂದ ಪೊಟ್ಟಣಗಳನ್ನು ಒಂದೇ ಸಮನೆ, ರುಚಿಯೂ ತಿಳಿಯದ ವೇಗದಲ್ಲಿ ಮುಗಿಸುತ್ತಿದ್ದಳು. ನಂತರ ಭಯ, ನಾಚಿಕೆ, ಬಚ್ಚಲುಮನೆ. ಮರುದಿನ ಪ್ರಾಯಶ್ಚಿತ್ತವೆಂಬಂತೆ ಮತ್ತೆ ಉಪವಾಸ. ಮಾಡಿಕೊಳ್ಳುತ್ತಿದ್ದ ರೀತಿಯ ವಿವರಗಳನ್ನು ನಾನು ಇಲ್ಲಿ ಬರೆಯುವುದಿಲ್ಲ.

ಮೊದಲ ಭೇಟಿಯಲ್ಲಿ ನಾನು ಮಾಡಿದ ತಪ್ಪನ್ನು ಹೇಳಬೇಕು. ದಂತವೈದ್ಯೆಯ ಚೀಟಿ ಮೇಜಿನ ಮೇಲಿದ್ದರೂ, ಅಭ್ಯಾಸಬಲದಿಂದ "ಊಟ, ನಿದ್ರೆ ಸರಿಯಾಗಿದೆಯೇ?" ಎಂದು ಕೇಳಿದೆ. "ಹಾಂ ಮೇಡಂ" ಎಂಬ ಉತ್ತರ ಬಂತು. ನಮ್ಮಲ್ಲಿ ಊಟ ಆಯಿತೇ ಎಂಬುದು ಪ್ರಶ್ನೆಯಲ್ಲ, ನಮಸ್ಕಾರದ ಇನ್ನೊಂದು ರೂಪ. ಅದಕ್ಕೆ ಇಲ್ಲವೆಂದು ಉತ್ತರಿಸುವವರು ಕಡಿಮೆ. ಎರಡನೆಯ ಭೇಟಿಯಲ್ಲಿ ಪ್ರಶ್ನೆಯನ್ನು ಬದಲಿಸಿ, "ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಹೋದದ್ದನ್ನೆಲ್ಲ, ಎಷ್ಟು ಹೊತ್ತಿಗೆ, ಎಲ್ಲಿ ಕೂತು, ಯಾರ ಜೊತೆ ಎಂದು ಹೇಳಿ" ಎಂದೆ. ಉತ್ತರಕ್ಕೆ ನಲವತ್ತು ನಿಮಿಷ ಬೇಕಾಯಿತು.

ಆಕೆಗೆ ಅತಿ ಹೆಚ್ಚು ನೋವು ಕೊಟ್ಟಿದ್ದು ಹಸಿವಲ್ಲ, ತಾನು ಮನೋಬಲವಿಲ್ಲದ ಹೊಟ್ಟೆಬಾಕಿ ಎಂಬ ತೀರ್ಮಾನ. ಆದುದರಿಂದ ಸಲಹೆಗಿಂತ ಮೊದಲು ವಿವರಣೆ ಬೇಕಿತ್ತು. ಈ ಸ್ಥಿತಿಗೆ ಬುಲಿಮಿಯಾ ನರ್ವೋಸಾ ಎಂದು ಹೆಸರು. ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ 1979ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದರು. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿಯ ಪ್ರಕಾರ, ಹತೋಟಿ ತಪ್ಪಿ ತಿನ್ನುವುದು ಮತ್ತು ತಿಂದದ್ದನ್ನು ಸರಿದೂಗಿಸಲು ವಾಂತಿ, ಉಪವಾಸ ಮುಂತಾದವನ್ನು ಮಾಡುವುದು, ಎರಡೂ ಸರಾಸರಿ ವಾರಕ್ಕೊಮ್ಮೆಯಾದರೂ 3 ತಿಂಗಳ ಕಾಲ ನಡೆದಿರಬೇಕು. ಜೊತೆಗೆ ತನ್ನ ಬೆಲೆಯನ್ನು ದೇಹದ ಆಕಾರದಿಂದಲೇ ಅಳೆಯುವ ಮನಸ್ಸಿರಬೇಕು. ಇಂತಹವರಲ್ಲಿ ಬಹಳ ಮಂದಿಯ ತೂಕ ನೋಡಿದವರಿಗೆ ಸಾಧಾರಣವಾಗಿಯೇ ಕಾಣುವುದರಿಂದ ಮನೆಯವರಿಗೆ ಅನುಮಾನವೇ ಬರುವುದಿಲ್ಲ.

ಇದರ ಜೊತೆ ಒಂದು ಹಳೆಯ ಪ್ರಯೋಗದ ಕಥೆಯನ್ನೂ ಹೇಳಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944ರ ನವೆಂಬರಿನಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಯುವಕರ ಮೇಲೆ ಒಂದು ಅಧ್ಯಯನ ಆರಂಭಿಸಿದರು. ದೇಹದಲ್ಲಿಯೂ ಮನಸ್ಸಿನಲ್ಲಿಯೂ ಗಟ್ಟಿಯಾಗಿದ್ದವರನ್ನೇ ಆರಿಸಿ, ಅವರ ಒಪ್ಪಿಗೆಯಿಂದ, 24 ವಾರ ಅರೆಹೊಟ್ಟೆಯಲ್ಲಿ ಇಡಲಾಯಿತು. ದಿನ ಕಳೆದಂತೆ ಅವರಿಗೆ ಊಟದ ಹೊರತು ಬೇರೆ ಯೋಚನೆಯೇ ಇಲ್ಲವಾಯಿತು. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಹಾಕಿದರು, ತಟ್ಟೆ ನೆಕ್ಕಿದರು, ಮಂಕಾದರು, ಸಿಡುಕಿದರು. ಮತ್ತೆ ಊಟ ಕೊಡತೊಡಗಿದಾಗ ಎಷ್ಟು ತಿಂದರೂ ತುಂಬದ ಹೊಟ್ಟೆ ಕೆಲವರದ್ದಾಯಿತು. ಕನ್ನಡಿಯ ಚಿಂತೆಯಾಗಲಿ ಮದುವೆಯ ಚಿಂತೆಯಾಗಲಿ ಇಲ್ಲದ ಗಂಡಸರಿಗೇ ಹೀಗಾಯಿತು. ಮಾಲಿನಿ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ಪೊಟ್ಟಣ ತಿಂದದ್ದು ಒಪ್ಪೊತ್ತಿನಿಂದಲೇ" ಎಂದಳು. ಅಲ್ಲಿಯವರೆಗೆ ಆಕೆ ಅದನ್ನು ತಿರುಗುಮುರುಗಾಗಿ, ಹೆಚ್ಚು ತಿಂದ ಪಾಪಕ್ಕೆ ಉಪವಾಸ ಎಂದು, ಓದಿಕೊಂಡಿದ್ದಳು.

ಆಪ್ತಸಲಹೆಯೊಂದೇ ಇಲ್ಲಿ ಸಾಲದು. ಪದೇ ಪದೇ ವಾಂತಿಯಾದಾಗ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ಏರುಪೇರಾಗುವ ಅಪಾಯವಿರುವುದರಿಂದ, ಆ ವಾರವೇ ರಕ್ತಪರೀಕ್ಷೆಗೂ ಇಸಿಜಿಗೂ ವೈದ್ಯರಲ್ಲಿ ಕಳುಹಿಸಿದೆ. ಪೊಟ್ಯಾಸಿಯಂ ಸ್ವಲ್ಪ ಕಡಿಮೆಯಿತ್ತು, ಇಸಿಜಿ ಸರಿಯಿತ್ತು. ಮನೋವೈದ್ಯರು ಪರೀಕ್ಷಿಸಿ ಕಾಯಿಲೆಯನ್ನು ಖಚಿತಪಡಿಸಿ ಔಷಧ ಆರಂಭಿಸಿದರು. ಮಾತಿನ ಚಿಕಿತ್ಸೆ ನನ್ನ ಪಾಲಿಗೆ ಬಂತು.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದನ್ನು ಕೇಳಿ ಮಾಲಿನಿ ಹೆದರಿದಳು: ಬೆಳಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಏನಾದರೊಂದು, ರಾತ್ರಿ ಊಟ, ಯಾವ ಎರಡರ ನಡುವೆಯೂ ಸುಮಾರು ನಾಲ್ಕು ಗಂಟೆಗಿಂತ ಹೆಚ್ಚು ಅಂತರವಿರಬಾರದು. ಏನು ತಿನ್ನಬೇಕೆಂದು ನಾನು ಹೇಳಲಿಲ್ಲ. ನೀರುದೋಸೆಯಾಗಲಿ, ಕುಚ್ಚಲಕ್ಕಿ ಗಂಜಿಯಾಗಲಿ, ಹೊತ್ತು ತಪ್ಪಬಾರದು ಎಂದೆ. ತಿಂದದ್ದನ್ನೂ ಆಗ ಮನಸ್ಸಿನಲ್ಲಿದ್ದುದನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು, ಆದರೆ ಕ್ಯಾಲೊರಿ ಬರೆಯಬಾರದು. ದಿನಕ್ಕೆ ಮೂರು ಬಾರಿ ಹತ್ತುತ್ತಿದ್ದ ತೂಕದ ಯಂತ್ರವನ್ನು ಪಿಜಿಯಿಂದ ಸಾಗಹಾಕಿ, ವಾರಕ್ಕೊಮ್ಮೆ ನನ್ನ ಕೋಣೆಯಲ್ಲಿ ಮಾತ್ರ ನೋಡುವುದೆಂದು ಒಪ್ಪಂದವಾಯಿತು. ಕುಡಿದ ನೀರು, ತಿಂದ ಉಪ್ಪು, ಮುಟ್ಟಿನ ದಿನಗಳು, ಇವುಗಳಿಂದಲೇ ಒಂದೆರಡು ಕಿಲೋ ಹೆಚ್ಚುಕಡಿಮೆಯಾಗುತ್ತದೆ. ಬೆಳಗಿನ ಅಂಕಿಯೊಂದನ್ನು ಹಿಡಿದು ಇಡೀ ದಿನದ ಜಾತಕ ಬರೆಯುವುದರಲ್ಲಿ ಅರ್ಥವಿಲ್ಲ. ದಂತವೈದ್ಯೆಯ ಸಲಹೆಯನ್ನೂ ಇಲ್ಲಿ ಸೇರಿಸುತ್ತೇನೆ, ಏಕೆಂದರೆ ಬಹಳ ಮಂದಿ ಇದನ್ನು ತಪ್ಪಾಗಿ ಮಾಡುತ್ತಾರೆ: ವಾಂತಿಯಾದ ಕೂಡಲೇ ಹಲ್ಲುಜ್ಜಬಾರದು, ಆಮ್ಲದಿಂದ ಮೆತ್ತಗಾದ ಪದರ ಇನ್ನಷ್ಟು ಸವೆಯುತ್ತದೆ, ನೀರಿನಲ್ಲಿ ಬಾಯಿ ಮುಕ್ಕಳಿಸಿ ಅರ್ಧ ಗಂಟೆಯಾದರೂ ಕಾಯಬೇಕು.

ವ್ರತದ ವಿಷಯದಲ್ಲಿ ನಾನು ಎಚ್ಚರದಿಂದ ಇರಬೇಕಾಯಿತು. ಆಕೆಯ ಭಕ್ತಿ ಸುಳ್ಳೆಂದು ನಾನು ಹೇಳುವಂತಿಲ್ಲ, ಅದು ಸುಳ್ಳೂ ಅಲ್ಲ. "ನಾಳೆಯಿಂದ ವ್ರತದ ದಿನ ಹಾಲು, ಹಣ್ಣು, ಅವಲಕ್ಕಿ ಹೊಟ್ಟೆ ತುಂಬ ತಿಂದು ದೇವಸ್ಥಾನಕ್ಕೆ ಹೋಗಬಹುದು ಎಂದಾದರೆ ಎಷ್ಟು ವ್ರತ ಉಳಿಸಿಕೊಳ್ಳುತ್ತೀರಿ?" ಎಂದು ಮಾತ್ರ ಕೇಳಿದೆ. ಯೋಚಿಸಿ ಹೇಳಿದಳು: "ಒಂದು. ಸಂಕಷ್ಟಿ."

ಈ ನಡುವೆ ತಾಯಿ ಎರಡು ಬಾರಿ ಫೋನು ಮಾಡಿ "ಅವಳು ಎಂತ ಹೇಳಿದಳು ಮೇಡಂ?" ಎಂದು ಕೇಳಿದರು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೇ ಕಲಮು ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಪ್ರಾಯಕ್ಕೆ ಬಂದ ಮಗಳ ವಿಷಯವನ್ನು ಆಕೆಯ ಒಪ್ಪಿಗೆಯಿಲ್ಲದೆ ತಾಯಿಗೂ ಹೇಳಲಾಗದು ಎಂದು ವಿವರಿಸಿದೆ. ಅವರಿಗೆ ಬೇಸರವಾಯಿತು. ಮೂರನೆಯ ತಿಂಗಳಲ್ಲಿ ಮಾಲಿನಿ ತಾನಾಗಿಯೇ ತಾಯಿಯನ್ನು ಕರೆತಂದು, ನನ್ನ ಎದುರಿಗೇ, ನೆಲ ನೋಡುತ್ತಾ ಎಲ್ಲವನ್ನೂ ಹೇಳಿದಳು. ತಾಯಿ ಅಳಲಿಲ್ಲ, ಬೈಯಲಿಲ್ಲ. "ನಾನು ಆ ವ್ರತಗಳನ್ನು ಊರಿಡೀ ಹೇಳಿಕೊಂಡು ತಿರುಗಿದೆನಲ್ಲ ಮಗಾ" ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾವೇ, "ಬಾಣಂತಿಗೆ, ಕಾಯಿಲೆಯವರಿಗೆ ಏಕಾದಶಿ ಇಲ್ಲ ಅಂತ ನನ್ನ ಅತ್ತೆಯೇ ಹೇಳ್ತಿದ್ದರು. ನಿನಗೂ ಇಲ್ಲ" ಎಂದು ತೀರ್ಪಿತ್ತರು. ನಾನು ಹೇಳಿದ್ದರೆ ಅದಕ್ಕೆ ಆ ಬಲ ಬರುತ್ತಿರಲಿಲ್ಲ.

ತಾಯಿಗೆ ಕೊಟ್ಟ ಸಲಹೆಗಳು ಬೇರೆಯೇ. ಮಗಳು ಉಣ್ಣುವಾಗ ಕಾವಲು ಕೂರಬೇಡಿ, ಬಚ್ಚಲಿನ ಬಾಗಿಲಲ್ಲಿ ಕಿವಿಯಿಡಬೇಡಿ. ಊಟವಾದ ಮೇಲೆ ಒಂದು ಗಂಟೆ ಜೊತೆಗೆ ಕೂತು ಬೇರೇನಾದರೂ ಮಾತಾಡಿ. ಯಾರ ಮೈಕಟ್ಟಿನ ಬಗ್ಗೆಯೂ, ಹೊಗಳಿಕೆಯಾದರೂ ಸರಿ, ಮನೆಯಲ್ಲಿ ಮಾತು ಬೇಡ. ಮದುವೆಗೆಂದು ಹಂಚುತ್ತಿದ್ದ ಬಯೋಡಾಟಾದಿಂದ ತೂಕ, ಮೈಬಣ್ಣದ ಸಾಲುಗಳನ್ನು ತೆಗೆಯಿರಿ, ಸದ್ಯಕ್ಕೆ ಹಂಚುವುದನ್ನೇ ನಿಲ್ಲಿಸಿ. "ನೀವು ಎಷ್ಟು ಹೊತ್ತಿಗೆ ಉಣ್ಣುತ್ತೀರಿ?" ಎಂದು ಕೇಳಿದಾಗ ಅವರು ನಕ್ಕರು. ಎಲ್ಲರದ್ದೂ ಆದ ಮೇಲೆ, ಉಳಿದದ್ದನ್ನು, ಎಷ್ಟೋ ಬಾರಿ ನಿಂತುಕೊಂಡೇ. ಶನಿವಾರ, ಭಾನುವಾರ ಮಗಳ ಜೊತೆ ಕೂತು ಉಣ್ಣುವುದನ್ನು ಅವರ ಪಾಲಿನ ಮನೆಗೆಲಸವೆಂದು ಬರೆದುಕೊಟ್ಟೆ. ಈ ಸಲಹೆಯನ್ನು ಪಾಲಿಸಲು ಅವರಿಗೆ ಮಗಳಿಗಿಂತ ಹೆಚ್ಚು ಕಷ್ಟವಾಯಿತು.

ನನ್ನ ಇನ್ನೊಂದು ತಪ್ಪು ನಾಲ್ಕನೆಯ ತಿಂಗಳಿನದು. ಕೆನ್ನೆಗೆ ಬಣ್ಣ ಬಂದಿದ್ದ ಮಾಲಿನಿಯನ್ನು ಬಾಗಿಲಲ್ಲಿ ಕಂಡು ಸಂತೋಷದಿಂದ "ಈಗ ಆರೋಗ್ಯವಾಗಿ ಕಾಣುತ್ತೀರಿ" ಎಂದುಬಿಟ್ಟೆ. ಆಕೆಗೆ ಕೇಳಿಸಿದ್ದು "ತೋರ ಆಗಿದ್ದೀರಿ" ಎಂದು. ಆ ರಾತ್ರಿ ಉಣ್ಣಲಿಲ್ಲ. ಮುಂದಿನ ವಾರ ಅದನ್ನು ನನಗೆ ನೇರವಾಗಿ ಹೇಳಿದಳು, ನಾನು ಕ್ಷಮೆ ಕೇಳಿದೆ. ಕಾಣುವುದರ ಬಗೆಗಿನ ಯಾವ ಮಾತನ್ನೂ ಅಂದಿನಿಂದ ನನ್ನ ಕೋಣೆಯಲ್ಲಿ ಆಡುತ್ತಿಲ್ಲ.

ಅಷ್ಟಮಿಯ ಹೊತ್ತಿಗೆ ವಾಂತಿ ನಿಂತು ಒಂಬತ್ತು ವಾರಗಳಾಗಿದ್ದವು. ಮನೆಯವರೆಲ್ಲ ಉಪವಾಸವಿದ್ದು ರಾತ್ರಿ ಅರ್ಘ್ಯ ಕೊಡುವ ಹಬ್ಬದಲ್ಲಿ ತಾನೊಬ್ಬಳೇ ಉಣ್ಣಲು ಮಾಲಿನಿಗೆ ಸಂಕೋಚವಾಯಿತು. ತಾಯಿ ಬೇಡವೆಂದರೂ ಕೇಳದೆ ದಿನವಿಡೀ ಹಸಿದಿದ್ದಳು. ಮರುದಿನ ವಿಟ್ಲಪಿಂಡಿ, ಡಬ್ಬಿ ತುಂಬ ಚಕ್ಕುಲಿ, ಎಳ್ಳುಂಡೆ, ನೆಲಕಡಲೆ ಉಂಡೆ, ಮನೆ ತುಂಬ ನೆಂಟರು. ರಾತ್ರಿ ಹಳೆಯದೆಲ್ಲ ಮರುಕಳಿಸಿತು. ಈ ಕಾಯಿಲೆಯಲ್ಲಿ ಮರುಕಳಿಕೆ ಅಪರೂಪವಲ್ಲ, ಅದಕ್ಕೆಂದೇ ಮೊದಲೇ ಒಂದು ಚೀಟಿ ಬರೆದು ಆಕೆಯ ಪರ್ಸಿನಲ್ಲಿಟ್ಟಿದ್ದೆವು: ಮುಂದಿನ ಊಟ ಬಿಡಬಾರದು, ಇಪ್ಪತ್ತನಾಲ್ಕು ಗಂಟೆಯೊಳಗೆ ಒಬ್ಬರಿಗಾದರೂ ಹೇಳಬೇಕು, ನಾನು ಸಿಗದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೂ ಹಗಲುರಾತ್ರಿ ಮಾತಾಡಬಹುದು. ಮಾಲಿನಿ ಮರುದಿನ ಬೆಳಗ್ಗೆ ತಿಂಡಿ ತಿಂದು, ತಾಯಿಗೆ ಹೇಳಿ, ಮಂಗಳೂರಿನ ಬಸ್ಸಿನಿಂದ ನನಗೆ ಸಂದೇಶ ಕಳುಹಿಸಿದಳು.

ಈಗ ಹನ್ನೊಂದನೆಯ ತಿಂಗಳು. ಪೊಟ್ಯಾಸಿಯಂ ಸರಿಯಾಗಿದೆ, ಔಷಧವನ್ನು ನಿಲ್ಲಿಸುವ ಮಾತು ಮನೋವೈದ್ಯರಿಂದ ಇನ್ನೂ ಬಂದಿಲ್ಲ, ಎರಡು ಹಲ್ಲುಗಳ ಕೆಲಸ ಬಾಕಿಯಿದೆ. ಕಚೇರಿಯಲ್ಲಿ, ಪಿಜಿಯಲ್ಲಿ, ಮನೆಯಲ್ಲಿ ಆಕೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ. ಮದುವೆಯ ಪಂಕ್ತಿಯಲ್ಲಿ, ಬಡಿಸುವವರು ಒತ್ತಾಯಿಸುವಾಗ, ಸಾಲಿನಲ್ಲಿ ಕೂತವರು ಎಲೆಯನ್ನು ನೋಡುವಾಗ ಮಾತ್ರ ಇನ್ನೂ ಕೈ ನಡುಗುತ್ತದೆ. ಬರುವ ತಿಂಗಳು ಚಿಕ್ಕಮ್ಮನ ಮಗನ ಮದುವೆಯಿದೆ. ಮೊದಲ ಪಂಕ್ತಿಯಲ್ಲಿ ತಾಯಿಯೂ ಅವಳೂ ಅಕ್ಕಪಕ್ಕ ಕೂರುವುದೆಂದು ನಿಶ್ಚಯವಾಗಿದೆ, ಮತ್ತು ಯಾರಾದರೂ ತೋರ, ಸಪೂರ ಎಂದರೆ ಏನು ಉತ್ತರ ಕೊಡುವುದೆಂದು ಕಳೆದ ಎರಡು ಭೇಟಿಗಳಲ್ಲಿ ಮೂವರೂ ಅಭ್ಯಾಸ ಮಾಡುತ್ತಿದ್ದೇವೆ.