ಆಟದ ಪೀರಿಯಡನ್ನು ಮೊದಲು ಮರಳಿ ಕೊಡಿಸಿ

ಉಡುಪಿಯ ಸಹೋದರಿಗೆ,

ನಾಲ್ಕನೇ ತರಗತಿಯ ನಿಮ್ಮ ಮಗಳು ಗಲಾಟೆ ಮಾಡುವವಳಲ್ಲ. ಬೋರ್ಡಿನ ಮೇಲಿನ ನೋಟ್ಸನ್ನು ಅರ್ಧ ಬರೆದು ಎಲ್ಲೋ ನೋಡುತ್ತ ಕೂರುತ್ತಾಳೆ, ಈ ಮಳೆಗಾಲದಲ್ಲೇ ಮೂರು ಕೊಡೆ ಕಳೆದಿದ್ದಾಳೆ, ಮನೆಯಲ್ಲಿಯೂ ಎರಡು ಕೆಲಸ ಹೇಳಿದರೆ ಒಂದನ್ನು ಮರೆಯುತ್ತಾಳೆ, ಒಂದನೇ ತರಗತಿಯಿಂದಲೂ ಹೀಗೇ ಇದ್ದಾಳೆ. ಇದು ಗಮನ ಕೊರತೆಯೋ ಸೋಮಾರಿತನವೋ ಎಂದು ಕೇಳಿದ್ದೀರಿ.

ಆದರೆ ನನ್ನ ನೆಮ್ಮದಿ ಕೆಡಿಸಿದ್ದು ಪತ್ರದ ಕೊನೆಯಲ್ಲಿ ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ ಸಂಗತಿ. ಜೂನ್‌ನಿಂದ ಅವಳು ಪಿ.ಟಿ. ಪೀರಿಯಡ್‌ನಲ್ಲಿ ಒಬ್ಬಳೇ ಕುಳಿತು ಬಾಕಿ ನೋಟ್ಸ್ ಬರೆಯುತ್ತಾಳೆ. "ಹಾಗಾದರೂ ಪೂರ್ತಿಯಾಗುತ್ತದಲ್ಲ" ಎಂದು ನೀವೂ ಸಮಾಧಾನಪಟ್ಟುಕೊಂಡಿದ್ದೀರಿ. ಓಡಾಟ, ಬೆವರಿಳಿಯುವ ಆಟ ಇಂಥ ಮಕ್ಕಳ ಏಕಾಗ್ರತೆಗೆ ನೆರವಾಗುತ್ತವೆ. ಅವಳಿಗೆ ಎಲ್ಲರಿಗಿಂತ ಹೆಚ್ಚು ಬೇಕಾದುದನ್ನೇ ಶಿಕ್ಷೆಯಾಗಿ ಕಿತ್ತುಕೊಂಡರೆ ಮುಂದಿನ ಪೀರಿಯಡ್ ಇನ್ನಷ್ಟು ಕೆಡುತ್ತದೆ, ಬಾಕಿ ಇನ್ನಷ್ಟು ಬೆಳೆಯುತ್ತದೆ. ಮಕ್ಕಳ ಆಟದ ಸಮಯವನ್ನು ಯಾವ ಕಾರಣಕ್ಕೂ ಮುಟ್ಟಬಾರದೆಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ತುಂಬಿದ ತರಗತಿಯನ್ನು ಸಂಭಾಳಿಸುವ ಟೀಚರನ್ನು ನಾನು ಅಷ್ಟಾಗಿ ದೂರುವುದಿಲ್ಲ. ಸದ್ದಿಲ್ಲದ ಹೆಣ್ಣುಮಕ್ಕಳಲ್ಲಿ ಈ ತೊಂದರೆ ಎಲ್ಲ ಕಡೆಯೂ ತಡವಾಗಿಯೇ ಗೊತ್ತಾಗುತ್ತದೆ. ನನಗೆ ಬೇಸರವಿರುವುದು ಸ್ವತಃ ಹೈಸ್ಕೂಲು ಶಿಕ್ಷಕಿಯಾಗಿರುವ ಅವಳ ಸೋದರತ್ತೆಯ ಮೇಲೆ. ಬಯಲಾಟದ ಎದುರು ಮಧ್ಯರಾತ್ರಿಯವರೆಗೂ ಅಲುಗಾಡದೆ ಕೂರುವ ಹುಡುಗಿಗೆ ಎಂಥ ಗಮನ ಕೊರತೆ, ಇದು ಬರೀ ಹಟ ಎಂದು ಅವರು ತೀರ್ಪು ಕೊಟ್ಟಿದ್ದಾರೆ. ಈ ಮಕ್ಕಳಲ್ಲಿ ಗಮನವೇ ಇಲ್ಲವೆಂದಲ್ಲ, ಅದನ್ನು ಬೇಕೆಂದ ಕಡೆ ನಿಲ್ಲಿಸುವುದು ಅವರಿಗೆ ಕಷ್ಟ. ಚೆಂಡೆಯ ಪೆಟ್ಟು, ಬಣ್ಣದ ವೇಷ ತಾವಾಗಿಯೇ ಸೆಳೆದುಕೊಳ್ಳುತ್ತವೆ. ಭಾಗಾಕಾರ ಹಾಗೆ ಸೆಳೆಯುವುದಿಲ್ಲ. ಶಿಕ್ಷಕರಾದವರು ಇಷ್ಟನ್ನು ತಿಳಿಯದೆ ತೀರ್ಪು ಕೊಡಬಾರದು.

"ನಾನೂ ಹೀಗೇ ಇದ್ದೆ, ಪೆಟ್ಟು ತಿಂದು ಸರಿಹೋದೆ" ಎಂಬ ನಿಮ್ಮ ಯಜಮಾನರ ಮಾತು ಬಹಳ ಮುಖ್ಯ. ಈ ತೊಂದರೆ ಹೆಚ್ಚಾಗಿ ಕುಟುಂಬದಲ್ಲಿ ಹರಿದುಬರುವಂಥದ್ದು, ಆದ್ದರಿಂದ ಅವರು ಅದನ್ನು ವೈದ್ಯರ ಎದುರು ಹೇಳಬೇಕು.

ಇದನ್ನು ಪತ್ತೆಹಚ್ಚುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಾಗಲಿ ಇಲ್ಲ. ಲಕ್ಷಣಗಳು 12 ವರ್ಷದೊಳಗೆ ಶುರುವಾಗಿವೆಯೇ, ಕನಿಷ್ಠ 6 ತಿಂಗಳಿಂದ ಇವೆಯೇ, ಮನೆ ಮತ್ತು ಶಾಲೆ ಎರಡೂ ಕಡೆ ಕಾಣಿಸುತ್ತಿವೆಯೇ ಎಂದು ವೈದ್ಯರು ವಿಚಾರಿಸುತ್ತಾರೆ. ಹಾಗಾಗಿ ಟೀಚರ್ ಬರೆದುಕೊಡುವ ಒಂದು ಪುಟ ಅಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಮೊದಲು ಕಣ್ಣು, ಕಿವಿ ಪರೀಕ್ಷಿಸಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ ನಿಮಗೆ ಹತ್ತಿರವೇ ಇದೆ. ನಿಮ್ಮದು ಅನುದಾನಿತ ಶಾಲೆಯಾದ್ದರಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಬಗ್ಗೆಯೂ ಮುಖ್ಯೋಪಾಧ್ಯಾಯರನ್ನು ಕೇಳಿ. ಅವರ ಪಟ್ಟಿಯಲ್ಲಿ ಈ ತೊಂದರೆಯೂ ಸೇರಿದೆ.

ಅದಕ್ಕೆಲ್ಲ ವಾರಗಳು ಹಿಡಿಯಬಹುದು, ಪಿ.ಟಿ. ಪೀರಿಯಡ್ ಅಷ್ಟು ದಿನ ಕಾಯಬಾರದು. ಸೋಮವಾರವೇ ಯಜಮಾನರನ್ನು ಕರೆದುಕೊಂಡು ಶಾಲೆಗೆ ಹೋಗಿ ಅದನ್ನು ಮರಳಿ ಕೇಳಿ. ಟೀಚರ್ ಒಪ್ಪಿದರೆ, ಬಾಗಿಲಿನಿಂದ ದೂರದ ಮುಂದಿನ ಬೆಂಚಿನಲ್ಲಿ ಕೂರಿಸಿ, ಒಮ್ಮೆಗೆ ನಾಲ್ಕೇ ಸಾಲು ಬರೆಸಿ ನೋಡಲಿ. ಉಳಿದ ನೋಟ್ಸನ್ನು ಸಹಪಾಠಿಯ ಪುಸ್ತಕದಿಂದ ನೀವು ಫೋಟೋ ತೆಗೆದುಕೊಂಡರೆ ಸಾಕು.